ಟಿಜೆ ಸೀಟು: ನಲವತ್ತು ವರ್ಷದ ತಕರಾರಿನ ಹಿನ್ನೆಲೆ

ಅಮೆರಿಕದ ವರ್ಜೀನಿಯಾ ರಾಜ್ಯದ ಉತ್ತರ ಭಾಗದಲ್ಲಿ, ರಾಜಧಾನಿ ವಾಷಿಂಗ್ಟನ್ನಿಗೆ ಅಂಟಿಕೊಂಡಿರುವ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಸಾಕಷ್ಟು ಕನ್ನಡ ಕುಟುಂಬಗಳಿವೆ. ಮಗು ಎಂಟನೇ ತರಗತಿಗೆ ಬಂತೆಂದರೆ ‘ಟಿಜೆಗೆ ಹಾಕ್ತಿದೀರಾ?’ ಎಂಬ ಪ್ರಶ್ನೆ ಅಲ್ಲಿ ಮಾಮೂಲು. ಟಿಜೆ ಎಂದರೆ ಥಾಮಸ್ ಜೆಫರ್ಸನ್ ವಿಜ್ಞಾನ ಮತ್ತು ತಂತ್ರಜ್ಞಾನ ಹೈಸ್ಕೂಲು, ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ. ಇದು ಸರ್ಕಾರಿ ಶಾಲೆ. ಫೇರ್‌ಫ್ಯಾಕ್ಸ್ ಕೌಂಟಿಯ ಶಾಲಾ ಮಂಡಳಿ ನಡೆಸಿದರೂ ಲೌಡನ್, ಪ್ರಿನ್ಸ್ ವಿಲಿಯಂ, ಆರ್ಲಿಂಗ್ಟನ್ ಕೌಂಟಿಗಳ ಮತ್ತು ಫಾಲ್ಸ್ ಚರ್ಚ್ ನಗರದ ಮಕ್ಕಳೂ ಇಲ್ಲಿ ಓದುತ್ತಾರೆ. ವರ್ಷಕ್ಕೆ ಇರುವುದು ಸುಮಾರು 550 ಸೀಟು. ಅವು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಇಂಥ ಶಾಲೆಗಳಿಗೆ ಅಲ್ಲಿ ಮ್ಯಾಗ್ನೆಟ್ ಶಾಲೆ ಎನ್ನುತ್ತಾರೆ. ಇವು ಹುಟ್ಟಿದ್ದು ಜಾಣ ಮಕ್ಕಳಿಗಾಗಿ ಅಲ್ಲ. ಬಿಳಿಯರಿಗೊಂದು, ಕಪ್ಪು ಜನರಿಗೊಂದು ಶಾಲೆ ಇಡುವುದು ಸಂವಿಧಾನ ವಿರೋಧಿ ಎಂದು 1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು ಬಂತು. ವರ್ಜೀನಿಯಾ ಅದನ್ನು ಒಪ್ಪಲಿಲ್ಲ. ಆ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡವೆಂದು 1959ರಿಂದ ಐದು ವರ್ಷ ಸರ್ಕಾರಿ ಶಾಲೆಗಳಿಗೆ ಬೀಗ ಹಾಕಿತು. ಮುಂದೆ ಕೋರ್ಟುಗಳು ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವಂತೆ ಆದೇಶಿಸಿದಾಗ ಹಲವು ಊರುಗಳಲ್ಲಿ ಗಲಾಟೆಯಾಯಿತು. ಬಲವಂತದ ಬದಲು ಆಸೆ ತೋರಿಸೋಣ ಎಂಬ ಯೋಚನೆ ಬಂದದ್ದು ಆಗ. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಮೆಕಾರ್ವರ್ ಪ್ರಾಥಮಿಕ ಶಾಲೆ 1968ರಲ್ಲಿ ಹೊಸ ಪಾಠಕ್ರಮವಿಟ್ಟು ಬೇರೆ ಬಡಾವಣೆಯ ಮಕ್ಕಳನ್ನೂ ಕರೆಯಿತು. ಈ ಬಗೆಯ ಶಾಲೆಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. 1984ರಲ್ಲಿ ಕೇಂದ್ರ ಸರ್ಕಾರ ಇವಕ್ಕೆಂದೇ ಅನುದಾನ ಯೋಜನೆ ತಂದಿತು.

ಟಿಜೆಯ ಬೇರು ಇನ್ನೊಂದು ಕಡೆ ಇದೆ. ದೇಶದ ಶಿಕ್ಷಣ ಕುಸಿಯುತ್ತಿದೆ ಎಂದು ರಾಷ್ಟ್ರೀಯ ಆಯೋಗವೊಂದು 1983ರಲ್ಲಿ ವರದಿ ಕೊಟ್ಟಿತ್ತು. ಗಣಿತ, ವಿಜ್ಞಾನದಲ್ಲಿ ಜಪಾನಿಗೆ ಸೋಲುತ್ತಿದ್ದೇವೆ ಎಂಬ ಆತಂಕವಿತ್ತು. ವರ್ಜೀನಿಯಾ ಹಲವು ಜಿಲ್ಲೆಗಳ ಮಕ್ಕಳು ಒಂದೆಡೆ ಕಲಿಯುವ ‘ಗವರ್ನರ್ಸ್ ಸ್ಕೂಲ್’ಗಳನ್ನು ಆರಂಭಿಸಿತು. ರೋನೋಕ್‌ನಂಥ ಕಡೆ ಅವು ಅರ್ಧ ದಿನದವು: ಮಗು ದಿನದ ಒಂದು ಹೊತ್ತು ಇಲ್ಲಿ ಗಣಿತ, ವಿಜ್ಞಾನ ಕಲಿತು, ಉಳಿದ ಹೊತ್ತು ತನ್ನ ಊರಿನ ಶಾಲೆಯಲ್ಲಿರುತ್ತದೆ. ಫೇರ್‌ಫ್ಯಾಕ್ಸ್ ಮಾತ್ರ ಪೂರ್ಣ ದಿನದ ಶಾಲೆಯನ್ನೇ ಮಾಡಿತು. 1964ರಿಂದ ಇದ್ದ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಕಟ್ಟಡದಲ್ಲಿ 1985ರಲ್ಲಿ ಟಿಜೆ ಶುರುವಾಯಿತು. ಲ್ಯಾಬುಗಳಿಗೆ ಸುತ್ತಲ ಕಂಪನಿಗಳು ನೆರವು ಕೊಟ್ಟವು. ಮೊದಲಿನಿಂದಲೂ ಅದರ ಗುರಿ ಪ್ರತಿಭೆ. ಎಲ್ಲರನ್ನೂ ಬೆರೆಸುವುದು ಅದರ ಕೆಲಸವೆಂದು ಯಾರೂ ಹೇಳಿರಲಿಲ್ಲ, ಆದರೆ ಮ್ಯಾಗ್ನೆಟ್ ಎಂಬ ಹೆಸರಿನ ಜೊತೆಗೆ ಆ ನಿರೀಕ್ಷೆಯೂ ಬಂದು ಕೂತಿತು.

ಒಳಗಿನ ವ್ಯವಸ್ಥೆಯನ್ನು ನೋಡಿದರೆ ಸೀಟಿಗೆ ಯಾಕಿಷ್ಟು ಜಗ್ಗಾಟ ಎಂದು ತಿಳಿಯುತ್ತದೆ. ಒಂಬತ್ತನೇ ತರಗತಿಯಲ್ಲಿ ಜೀವಶಾಸ್ತ್ರ, ಇಂಗ್ಲಿಷ್, ವಿನ್ಯಾಸ-ತಂತ್ರಜ್ಞಾನ ಈ ಮೂರನ್ನೂ ಒಂದೇ ಗುಂಪಿನ ಮಕ್ಕಳಿಗೆ ಶಿಕ್ಷಕರ ಒಂದೇ ತಂಡ ಕಲಿಸುತ್ತದೆ. ಜೀವಶಾಸ್ತ್ರದಲ್ಲಿ ಮಾಡಿದ ಪ್ರಯೋಗದ ವರದಿಯನ್ನು ಇಂಗ್ಲಿಷ್ ಶಿಕ್ಷಕರೂ ತಿದ್ದುತ್ತಾರೆ, ಅದಕ್ಕೆ ಬೇಕಾದ ಸಲಕರಣೆಯನ್ನು ತಂತ್ರಜ್ಞಾನದ ತರಗತಿಯಲ್ಲಿ ಮಕ್ಕಳೇ ಮಾಡಿಕೊಳ್ಳಬಹುದು. ಕಂಪ್ಯೂಟರ್ ಸೈನ್ಸ್ ಎಲ್ಲರಿಗೂ ಕಡ್ಡಾಯ, ಕ್ಯಾಲ್ಕುಲಸ್ ಮುಗಿಸದೆ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ, ಇಲ್ಲ. ಹನ್ನೆರಡನೇ ತರಗತಿಯಲ್ಲಿ ನರವಿಜ್ಞಾನ, ಸಾಗರ ವಿಜ್ಞಾನ, ಖಗೋಳ, ಜೈವಿಕ ತಂತ್ರಜ್ಞಾನ ಮುಂತಾದ ಲ್ಯಾಬುಗಳಲ್ಲಿ ಒಂದನ್ನು ಆರಿಸಿಕೊಂಡು ವರ್ಷಪೂರ್ತಿ ಸಂಶೋಧನೆ ಮಾಡಬೇಕು. ಇಲ್ಲವೇ ಹೊರಗಿನ ವಿಜ್ಞಾನಿಗಳ ಕೈಕೆಳಗೆ ಕೆಲಸ ಮಾಡಬೇಕು. 1988ರಲ್ಲಿ ಸ್ಪರ್ಧೆಯೊಂದರಲ್ಲಿ ಈ ಶಾಲೆಗೆ ಸೂಪರ್ ಕಂಪ್ಯೂಟರೇ ಬಹುಮಾನವಾಗಿ ಬಂದಿತ್ತು. 2013ರ ನವೆಂಬರಿನಲ್ಲಿ ಇಲ್ಲಿನ ಮಕ್ಕಳು ಕಟ್ಟಿದ ಅಂಗೈಯಗಲದ ಉಪಗ್ರಹ ಕಕ್ಷೆ ಸೇರಿತು. ಕ್ಲಬ್ಬುಗಳ ವಿಷಯ ಚಿಕ್ಕದು, ಆದರೂ ಹೇಳಬೇಕು: ದೂರದ ಕೌಂಟಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ಸಂಜೆ ಉಳಿಯಲಾರರು. ಹಾಗಾಗಿ ಬುಧವಾರ, ಶುಕ್ರವಾರ ಎಂಟನೇ ಪೀರಿಯಡ್ಡನ್ನು ಶಾಲೆಯ ವೇಳೆಯೊಳಗೇ ಚಟುವಟಿಕೆಗೆ ಬಿಟ್ಟಿದ್ದಾರೆ.

2020ರವರೆಗೆ ಒಳಗೆ ಬರಲು 100 ಡಾಲರ್ ಅರ್ಜಿ ಶುಲ್ಕ, ಪ್ರವೇಶ ಪರೀಕ್ಷೆ, ಪ್ರಬಂಧ, ಶಿಕ್ಷಕರ ಶಿಫಾರಸು ಬೇಕಿದ್ದವು. ಪರೀಕ್ಷೆ ಇದ್ದಲ್ಲಿ ಕೋಚಿಂಗ್ ಇದ್ದೇ ಇರುತ್ತದೆ, ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಪ್ರಶ್ನೆಗಳು ಹೊರಗೆ ಸಿಗದಂಥ ಗಣಿತ ಪರೀಕ್ಷೆಯನ್ನು ತಂದರೂ ಕೋಚಿಂಗ್ ನಿಲ್ಲಲಿಲ್ಲ. ಬಹುಪಾಲು ಸೀಟುಗಳು ಬೆರಳೆಣಿಕೆಯ ಮಿಡ್ಲ್ ಸ್ಕೂಲುಗಳಿಗೇ (ಹೈಸ್ಕೂಲಿಗೆ ಮೊದಲಿನ ಶಾಲೆಗಳು) ಹೋಗುತ್ತಿದ್ದವು. ಕಪ್ಪು ಜನರ ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳನ್ನು ಹೊರಗಿಡಲಾಗುತ್ತಿದೆ ಎಂದು 2012ರಲ್ಲೇ ಕೇಂದ್ರ ಶಿಕ್ಷಣ ಇಲಾಖೆಗೆ ದೂರು ಹೋಗಿತ್ತು. 2020ರಲ್ಲಿ 486 ಮಕ್ಕಳಿಗೆ ಪ್ರವೇಶ ಸಿಕ್ಕಿತು. ಅವರಲ್ಲಿ ಕಪ್ಪು ಮಕ್ಕಳು 10ಕ್ಕಿಂತ ಕಡಿಮೆ, ಏಷ್ಯನ್ ಮೂಲದವರು ಶೇ. 73. ಅದೇ ವರ್ಷ ಪೊಲೀಸರ ಕೈಯಲ್ಲಿ ನಡೆದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಎದ್ದ ಚಳವಳಿಯ ನಡುವೆ ಮಂಡಳಿ ಪರೀಕ್ಷೆಯನ್ನೂ ಶುಲ್ಕವನ್ನೂ ಕೈಬಿಟ್ಟಿತು.

ಹೊಸ ನಿಯಮ ಹೀಗಿದೆ. ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿಗೂ ಅದರ ಎಂಟನೇ ತರಗತಿಯ ಸಂಖ್ಯೆಯ ಶೇ. 1.5ರಷ್ಟು ಸೀಟು ಮೀಸಲು. ಎಂಟನೆಯಲ್ಲಿ 400 ಮಕ್ಕಳಿದ್ದರೆ 6 ಸೀಟು. ಅರ್ಜಿ ಹಾಕಲು ಮುಖ್ಯ ವಿಷಯಗಳಲ್ಲಿ 4ಕ್ಕೆ ಕನಿಷ್ಠ 3.5 ಸರಾಸರಿ ಇರಬೇಕು, ಎಂಟನೆಯಲ್ಲಿ ಕನಿಷ್ಠ ಆಲ್ಜೀಬ್ರಾ 1 (ಬೀಜಗಣಿತದ ಮೊದಲ ಹಂತ) ಓದುತ್ತಿರಬೇಕು. ಮಗು ತನ್ನ ಬಗ್ಗೆ ಕೆಲವು ಪ್ರಶ್ನೆಗಳಿಗೆ ಬರೆದು ಉತ್ತರಿಸುತ್ತದೆ, ಗಣಿತ ಅಥವಾ ವಿಜ್ಞಾನದ ಒಂದು ಸಮಸ್ಯೆಯನ್ನು ಬಿಡಿಸಿ ವಿವರಿಸುತ್ತದೆ. ಬಡತನ, ಇಂಗ್ಲಿಷ್ ಕಲಿಯುತ್ತಿರುವುದು, ವಿಶೇಷ ಶಿಕ್ಷಣದ ಅಗತ್ಯ, ಹಿಂದೆ ಟಿಜೆಗೆ ಹೆಚ್ಚು ಮಕ್ಕಳನ್ನು ಕಳಿಸದ ಶಾಲೆ ಇವಕ್ಕೆ ಹೆಚ್ಚುವರಿ ಅಂಕ ಇಟ್ಟರು. ಮೌಲ್ಯಮಾಪಕರಿಗೆ ಹೆಸರೂ ಜನಾಂಗವೂ ಕಾಣದು, ಕಾಣುವುದು ಒಂದು ಸಂಖ್ಯೆ ಮಾತ್ರ. ನಮ್ಮ ಮೀಸಲಾತಿಯ ಹಾಗೆ ವರ್ಗವನ್ನು ಹೆಸರಿಸಿ ಸೀಟು ಕೊಡುವುದಕ್ಕೆ ಅಲ್ಲಿನ ಕಾನೂನು ಬಿಡುವುದಿಲ್ಲ, ಅದಕ್ಕೇ ಈ ಶಾಲಾವಾರು ಲೆಕ್ಕ. ಮೀಸಲು ಕಳೆದು ಉಳಿಯುವ ಸುಮಾರು 100 ಸೀಟಿಗೆ ಎಲ್ಲ ಕಡೆಯವರೂ ಸ್ಪರ್ಧಿಸಬೇಕು. ಜಾಣರು ಗುಂಪಾಗಿ ಓದುವ ಶಾಲೆಗಳ ಮಕ್ಕಳಿಗೆ ಏಟು ಬಿದ್ದದ್ದು ಇಲ್ಲೇ.

ಮೊದಲ ವರ್ಷ ಏಷ್ಯನ್ನರ ಪಾಲು ಶೇ. 54ಕ್ಕೆ ಇಳಿಯಿತು, ಕಪ್ಪು ಮಕ್ಕಳದು 7ಕ್ಕೂ ಲ್ಯಾಟಿನೊ ಮಕ್ಕಳದು 11ಕ್ಕೂ ಏರಿತು. ಪ್ರವೇಶ ಸಿಕ್ಕವರಲ್ಲಿ ಕಾಲು ಭಾಗ ಬಡ ಕುಟುಂಬದವರು. ‘ಕೊಯಲಿಷನ್ ಫಾರ್ ಟಿಜೆ’ ಎಂಬ ಪೋಷಕರ ಗುಂಪು 2021ರ ಮಾರ್ಚಿನಲ್ಲಿ ಕೋರ್ಟಿಗೆ ಹೋಯಿತು. ಇದು ಏಷ್ಯನ್ನರನ್ನು ಕಡಿಮೆ ಮಾಡಲೆಂದೇ ಹೂಡಿದ ಉಪಾಯವೆಂಬುದು ಅವರ ವಾದ. 2022ರ ಫೆಬ್ರವರಿಯಲ್ಲಿ ಜಿಲ್ಲಾ ನ್ಯಾಯಾಧೀಶ ಕ್ಲಾಡ್ ಹಿಲ್ಟನ್ ಅದನ್ನು ಒಪ್ಪಿದರು. 2023ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ 2-1ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿ ಅಲಿಟೊ ಭಿನ್ನಮತ ಬರೆದರು, ನ್ಯಾಯಮೂರ್ತಿ ಥಾಮಸ್ ಅದಕ್ಕೆ ದನಿಗೂಡಿಸಿದರು.

ಎರಡೂ ಪಕ್ಷಗಳು ಜಗಳವಾಡಿದ್ದು ಎಂಟನೇ ತರಗತಿಯ ಬಾಗಿಲ ಮೇಲೆ. ನಿಜವಾದ ಸೋಸುವಿಕೆ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಎಂಟನೆಯಲ್ಲಿ ಆಲ್ಜೀಬ್ರಾ 1 ಓದಿ ಬಂದ ಮಗು ಒಂಬತ್ತರಲ್ಲಿ ಜ್ಯಾಮಿತಿ, ಹತ್ತರಲ್ಲಿ ಆಲ್ಜೀಬ್ರಾ 2, ಹನ್ನೊಂದರಲ್ಲಿ ಪ್ರಿ-ಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್ ಎಂದು ಉಸಿರು ಬಿಡದೆ ಓಡಬೇಕು. ನಡುವೆ ಒಂದು ವರ್ಷ ಎಡವಿದರೆ ಕೊನೆಗೆ ಕ್ಯಾಲ್ಕುಲಸ್ ಕೈಗೆ ಸಿಗುವುದಿಲ್ಲ. ಆಲ್ಜೀಬ್ರಾವನ್ನು ಏಳರಲ್ಲೋ ಆರರಲ್ಲೋ ಮುಗಿಸಿ ಬಂದ ಮಗು ಹನ್ನೆರಡಕ್ಕೆ ಬರುವಷ್ಟರಲ್ಲಿ ಕಾಲೇಜು ಮಟ್ಟದ ಲೀನಿಯರ್ ಆಲ್ಜೀಬ್ರಾ ಓದುತ್ತಿರುತ್ತದೆ, ಲ್ಯಾಬಿನಲ್ಲಿ ಅದು ಎತ್ತಿಕೊಳ್ಳುವ ಸಮಸ್ಯೆಯೇ ಬೇರೆ. ಇಬ್ಬರೂ ಒಂದೇ ಬ್ಯಾಚು.

ಫೇರ್‌ಫ್ಯಾಕ್ಸಿನಲ್ಲಿ ಈ ಕವಲು ಒಡೆಯುವುದು ಎರಡನೇ ತರಗತಿಯಲ್ಲಿ. ಆಗ ನಡೆಯುವ ಸಾಮರ್ಥ್ಯ ಪರೀಕ್ಷೆಯ ಅಂಕ ಹಾಗೂ ಶಿಕ್ಷಕರ ಅಭಿಪ್ರಾಯ ನೋಡಿ ಮೂರನೆಯಿಂದಲೇ ಮುಂದುವರಿದ ಪಾಠಕ್ರಮದ ಕೇಂದ್ರಗಳಿಗೆ ಮಕ್ಕಳನ್ನು ಆರಿಸುತ್ತಾರೆ. ಏಳನೆಯಲ್ಲಿ ಆಲ್ಜೀಬ್ರಾ ಬೇಕೆಂದರೆ ಆರನೆಯಲ್ಲಿ ಇನ್ನೆರಡು ಗೆರೆ ದಾಟಬೇಕೆಂಬುದು ಅಲ್ಲಿ ಬಹುಕಾಲ ನಡೆದುಬಂದ ನಿಯಮ: ಆಲ್ಜೀಬ್ರಾ ಕಲಿಯುವ ಸಾಮರ್ಥ್ಯ ಅಳೆಯುವ ಅಯೋವಾ ಪರೀಕ್ಷೆಯಲ್ಲಿ 91ನೇ ಪರ್ಸೆಂಟೈಲ್, ಏಳನೇ ತರಗತಿಯ ಮಟ್ಟದ ರಾಜ್ಯ ಗಣಿತ ಪರೀಕ್ಷೆಯಲ್ಲಿ 600ಕ್ಕೆ 500. ಹನ್ನೊಂದರ ಹರೆಯದ ಮಕ್ಕಳಿಗೆ ಹಾಕಿದ ಈ ಎರಡು ಗೆರೆ ಟಿಜೆ ಮೊಕದ್ದಮೆಯ ವಿಷಯವೇ ಆಗಿರಲಿಲ್ಲ.