‘ಟ್ವಿನ್ ಎ: ಸೆಫಾಲಿಕ್’ ಅಂದ್ರೆ ಏನು?

ನನ್ನ ತಂಗಿಯ ಹೊಟ್ಟೆಯಲ್ಲಿ ಅವಳಿ ಮಕ್ಕಳಿವೆ. ಮೊನ್ನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸೋನೋಗ್ರಫಿ ಮಾಡಿಸಿ (ಊರಲ್ಲಿ ಸ್ಕ್ಯಾನಿಂಗ್ ಅಂತೀವಲ್ಲ, ಅದೇ) ರಿಪೋರ್ಟಿನ ಫೋಟೋ ಕಳಿಸಿದಳು. ‘ಅಕ್ಕಾ, ಈ ಸೆಫಾಲಿಕ್ ಅಂದ್ರೆ ಏನು, ಮಗುವಿಗೆ ಏನಾದ್ರೂ ತೊಂದರೆನಾ?’ ಪಾಪ, ಹೆದರಿಬಿಟ್ಟಿದ್ದಳು.

ತೊಂದರೆ ಏನೂ ಅಲ್ಲ. ಸೆಫಾಲಿಕ್ ಅಂದರೆ ಮಗುವಿನ ತಲೆ ಕೆಳಗಿದೆ ಅಂತ. ಕುಂಡೆ ಅಥವಾ ಕಾಲು ಕೆಳಗಿದ್ದರೆ ಬ್ರೀಚ್. ಅಡ್ಡ ಮಲಗಿದ್ದರೆ ಟ್ರಾನ್ಸ್‌ವರ್ಸ್. ‘ಟ್ವಿನ್ ಎ’ ಅಂದರೆ ಗರ್ಭಕೋಶದ ಬಾಯಿಗೆ ಹತ್ತಿರ ಇರುವ, ಸಾಮಾನ್ಯವಾಗಿ ಮೊದಲು ಹುಟ್ಟುವ ಮಗು.

ಅವಳಿ ಹೆರಿಗೆಯಲ್ಲಿ ನಾರ್ಮಲ್ಲಾ ಸಿಜೇರಿಯನ್ನಾ ಅನ್ನುವ ಮಾತು ಶುರುವಾಗುವುದೇ ಈ ಪದದಿಂದ. ಮೊದಲನೇ ಮಗುವಿನ ತಲೆ ಕೆಳಗಿದ್ದು ಉಳಿದದ್ದೆಲ್ಲ ಸರಿ ಇದ್ದರೆ ನಾರ್ಮಲ್‌ಗೆ ಪ್ರಯತ್ನ ಮಾಡಬಹುದು. ಎರಡನೆಯದು ಅಡ್ಡ ಇದ್ದರೂ ಕೆಲವೊಮ್ಮೆ ಆಗುತ್ತದೆ, ಯಾಕೆಂದರೆ ಮೊದಲನೆಯದು ದಾರಿ ಬಿಡಿಸಿಕೊಟ್ಟಿರುತ್ತದೆ. ಅದು ಹೊರಬಂದ ಕೂಡಲೇ ಒಬ್ಬರು ಹೊಟ್ಟೆಯ ಎರಡೂ ಬದಿಗೆ ಅಂಗೈ ಇಟ್ಟು ಒಳಗಿರುವ ಮಗು ಅಡ್ಡ ತಿರುಗದ ಹಾಗೆ ಹಿಡಿದಿರುತ್ತಾರೆ. ಬೇಕಾದರೆ ಅನುಭವ ಇರುವ ಡಾಕ್ಟರ್ ಕೈಯಿಂದಲೇ ತಿರುಗಿಸುತ್ತಾರೆ, ಇಲ್ಲವೇ ಕಾಲು ಹಿಡಿದು ಹೊರತೆಗೆಯುತ್ತಾರೆ. ಆದರೆ ಟ್ವಿನ್ ಎ ಬ್ರೀಚ್ ಅಥವಾ ಅಡ್ಡ ಇದ್ದರೆ ಸಾಮಾನ್ಯವಾಗಿ ಸಿಜೇರಿಯನ್ನೇ.

ಅವಳಿ ಅಂದ ಕೂಡಲೇ ಆಪರೇಷನ್ ಅಂತ ತೀರ್ಮಾನ ಮಾಡಬೇಕಾಗಿಲ್ಲ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸುಮಾರು 2,800 ಗರ್ಭಿಣಿಯರಿದ್ದರು. ಎಲ್ಲರಿಗೂ ಮೊದಲನೇ ಮಗುವಿನ ತಲೆ ಕೆಳಗೆ. ಮೊದಲೇ ಸಿಜೇರಿಯನ್ ಅಂತ ಇಟ್ಟುಕೊಂಡವರ ಮಕ್ಕಳಿಗೂ ನಾರ್ಮಲ್ ಅಂತ ಹೊರಟವರ ಮಕ್ಕಳಿಗೂ ಅಪಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಂತ ನಾರ್ಮಲ್ ಅಂತ ಹೊರಟವರಲ್ಲೂ ನೂರಕ್ಕೆ 44 ಮಂದಿಗೆ ಕೊನೆಗೆ ಸಿಜೇರಿಯನ್ನೇ ಆಯಿತು, ಕೆಲವರಿಗೆ ಮೊದಲ ಮಗು ನಾರ್ಮಲ್ ಆಗಿ ಎರಡನೆಯದಕ್ಕೆ ಮಾತ್ರ. ಇದನ್ನು ಮೊದಲೇ ತಿಳಿದಿದ್ದರೆ ಆ ಹೊತ್ತಿನಲ್ಲಿ ‘ನನ್ನಿಂದ ಆಗಲಿಲ್ಲ’ ಅನ್ನುವ ನೋವು ಕಡಿಮೆ ಅಲ್ವಾ?

ರಿಪೋರ್ಟಿನಲ್ಲಿ ಇನ್ನೊಂದು ಸಾಲು ನೋಡಿ: ಡಿಸಿಡಿಎ, ಎಂಸಿಡಿಎ, ಎಂಸಿಎಂಎ. ಮಾಸು ಒಂದಾ ಎರಡಾ, ನೀರಿನ ಚೀಲ ಒಂದಾ ಎರಡಾ ಅನ್ನುವ ಲೆಕ್ಕ ಅದು. ಡಿಸಿಡಿಎ ಅಂದರೆ ಮಾಸೂ ಎರಡು, ಚೀಲವೂ ಎರಡು. ಎಂಸಿಡಿಎ ಅಂದರೆ ಮಾಸು ಒಂದು, ಚೀಲ ಎರಡು. ಎಂಸಿಎಂಎ ಅಂದರೆ ಮಾಸೂ ಒಂದೇ, ಎರಡೂ ಮಕ್ಕಳು ಒಂದೇ ಚೀಲದಲ್ಲಿ. ಹೊಕ್ಕುಳಬಳ್ಳಿಗಳು ಸುತ್ತಿಕೊಳ್ಳುವ ಭಯ ಇರುವುದರಿಂದ ಸಾಮಾನ್ಯವಾಗಿ 32ರಿಂದ 34 ವಾರದೊಳಗೆ ಸಿಜೇರಿಯನ್ ಮಾಡುತ್ತಾರೆ.

ಇನ್ನು ಆಸ್ಪತ್ರೆ. ಮನೆ ಹತ್ತಿರ ಇದೆ ಅಂತ ಸುಮ್ನೆ ಹೆಸರು ಬರೆಸಬೇಡಿ. ರಾತ್ರಿ ಎರಡು ಗಂಟೆಗೂ ಅರಿವಳಿಕೆ ಡಾಕ್ಟರ್ ಅಲ್ಲೇ ಇರ್ತಾರಾ, ಮಕ್ಕಳ ಡಾಕ್ಟರ್ ಇರ್ತಾರಾ, ಎನ್‌ಐಸಿಯು (ಹುಟ್ಟಿದ ಶಿಶುಗಳ ತೀವ್ರ ನಿಗಾ ಘಟಕ) ಅದೇ ಕಟ್ಟಡದಲ್ಲಿದೆಯಾ, ಅವಳಿ ಹೆರಿಗೆ ನಾರ್ಮಲ್ ಆಗಿ ಮಾಡಿಸಿದ ಅನುಭವ ಅವರಿಗಿದೆಯಾ, ಇಷ್ಟನ್ನೂ ಬಾಯಿಬಿಟ್ಟು ಕೇಳಿ. ಜುಲೈ ಮಳೆಯಲ್ಲಿ ಲೋಕಲ್ ರೈಲು ನಿಂತ ರಾತ್ರಿ ಹುಟ್ಟಿದ ಮಗುವನ್ನು ಆಂಬುಲೆನ್ಸಿನಲ್ಲಿ ಇನ್ನೊಂದು ಆಸ್ಪತ್ರೆಗೆ ಸಾಗಿಸುವುದನ್ನು ಯೋಚಿಸಿದರೇ ನನಗೆ ಎದೆ ಝಲ್ಲೆನ್ನುತ್ತದೆ.

ತಂಗಿಗೆ ಈಗ 33 ವಾರ. ಮುಂದಿನ ಶುಕ್ರವಾರ ಮತ್ತೆ ಸೋನೋಗ್ರಫಿ. ಅಮ್ಮ ಉಡುಪಿಯಿಂದ ದಿನಾ ಫೋನ್ ಮಾಡಿ ‘ನಾರ್ಮಲ್ಲಾ, ಸಿಜೇರಿಯನ್ನಾ?’ ಅಂತ ಕೇಳುತ್ತಾರೆ. ‘ಮೊದಲನೆಯದು ಹೇಗೆ ಮಲಗಿದೆ ನೋಡಿ ಹೇಳ್ತೇವಮ್ಮ’ ಅಂದಿದ್ದೇನೆ.