ತಂತಿ ಬೇರೆಯವರದು, ಜಾಣ್ಮೆ ತಮ್ಮದು: ಜಪಾನಿನ ಒಂದು ಇಂಟರ್‌ನೆಟ್ ಕಂಪನಿ ಕ್ಲೌಡ್ ತಲುಪಿದ ದಾರಿ

1992ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಒಂದು ಪುಟ್ಟ ಕಂಪನಿ ಹುಟ್ಟಿತು. ದುಡ್ಡು ಕೊಟ್ಟು ಕೇಳಿದವರಿಗೆ ಇಂಟರ್‌ನೆಟ್ ಸಂಪರ್ಕ ಕೊಡುವುದು, ಇಷ್ಟೇ ಅದರ ಉದ್ದೇಶ. ಇವತ್ತು ಇದರಲ್ಲೇನು ವಿಶೇಷ ಅನಿಸಬಹುದು. ಆದರೆ ಆಗಿನ ಜಪಾನಿನಲ್ಲಿ ಇಂಟರ್‌ನೆಟ್ ಹೆಚ್ಚುಕಮ್ಮಿ ವಿಶ್ವವಿದ್ಯಾಲಯಗಳ ಕಾಂಪೌಂಡಿನೊಳಗೇ ಇತ್ತು. 1984ರಲ್ಲಿ ಜುನ್ ಮುರಾಯ್ ಎಂಬ ಸಂಶೋಧಕರು ಫೋನ್ ಲೈನುಗಳ ಮೂಲಕ ಕೆಲವು ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳನ್ನು ಜೋಡಿಸಿ 'ಜೂನೆಟ್' ಕಟ್ಟಿದ್ದರು. 1988ರಲ್ಲಿ ಅವರ ಮುಂದಾಳತ್ವದಲ್ಲೇ 'ವೈಡ್' ಎಂಬ ಸಂಶೋಧನಾ ಯೋಜನೆ ಶುರುವಾಯಿತು. ಈ ಬಳಗದಲ್ಲಿ ಪಳಗಿದ ಎಂಜಿನಿಯರುಗಳು ಹೊಸ ಕಂಪನಿಗೆ ಬಂದರು. ಕೊಯಿಚಿ ಸುಜುಕಿ ಅದನ್ನು ಮುನ್ನಡೆಸಿದರು. ಹೆಸರು ಇಂಟರ್‌ನೆಟ್ ಇನಿಶಿಯೇಟಿವ್ ಜಪಾನ್, ಚಿಕ್ಕದಾಗಿ ಐಐಜೆ.

ಇವತ್ತು ಐಐಜೆ ದೊಡ್ಡ ದೊಡ್ಡ ಕಂಪನಿಗಳ ಒಳಗಿನ ನೆಟ್‌ವರ್ಕ್ ನೋಡಿಕೊಳ್ಳುತ್ತದೆ. ಸರ್ವರುಗಳನ್ನು ಇಡುವ ಡೇಟಾ ಸೆಂಟರ್ ಕಟ್ಟಿಸುತ್ತದೆ, ಕ್ಲೌಡ್ (ದೂರದಿಂದಲೇ ಬಾಡಿಗೆಗೆ ಬಳಸುವ ಕಂಪ್ಯೂಟರ್) ಮಾರುತ್ತದೆ, ಸಿಮ್ ಕೂಡ ಮಾರುತ್ತದೆ. ಬರೀ ಸಂಪರ್ಕ ಮಾರುತ್ತಿದ್ದವರು ಇಲ್ಲಿಗೆ ಬಂದದ್ದು ಹೇಗೆ? ಒಂದೇ ಸಲ ಜಿಗಿದು ಬಂದದ್ದಲ್ಲ. ಇಟ್ಟ ಒಂದೊಂದು ಹೆಜ್ಜೆಯ ಹಿಂದೆಯೂ ಗ್ರಾಹಕರ ಯಾವುದೋ ಒಂದು ತಲೆನೋವು ಇತ್ತು. ಆ ತಲೆನೋವುಗಳನ್ನು ಹಿಂಬಾಲಿಸಿದರೆ ಇಂಟರ್‌ನೆಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಅರ್ಥವಾಗುತ್ತಾ ಹೋಗುತ್ತದೆ. ನನಗೆ ಈ ಕಂಪನಿ ಇಷ್ಟವಾಗುವುದು ಅದಕ್ಕೇ.

ಶುರುವಿನಲ್ಲೇ ಲೈಸೆನ್ಸಿನ ಸಂಕಟ ಎದುರಾಯಿತು. ಹೊರದೇಶಕ್ಕೆ ಸಂಪರ್ಕ ಕೊಡಬೇಕಾದರೆ ಜಪಾನಿನ ಅಂಚೆ ಮತ್ತು ದೂರಸಂಪರ್ಕ ಇಲಾಖೆಯ ಅನುಮತಿ ಬೇಕಿತ್ತು. ಇಷ್ಟು ಸಣ್ಣ ಕಂಪನಿ ನಡುವೆಯೇ ಮುಳುಗಿದರೆ ಗತಿಯೇನು, ಮೊದಲು ಹಣಬಲ ತೋರಿಸಿ ಎಂದಿತು ಇಲಾಖೆ. ಲೈಸೆನ್ಸ್ ಇಲ್ಲದೆ ಹಣ ಹಾಕುವವರಿಲ್ಲ, ಹಣ ಇಲ್ಲದೆ ಲೈಸೆನ್ಸ್ ಇಲ್ಲ. ಕೊನೆಗೆ 1994ರ ಫೆಬ್ರವರಿಯಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರಲ್ಲಿ.

ಇಂಟರ್‌ನೆಟ್ ಕಂಪನಿ ನಿಜವಾಗಿ ಮಾರುವುದೇನು? ತಂತಿ ಅಂತ ಹೇಳಿಬಿಡಬಹುದು. ಆದರೆ ಐಐಜೆಗೆ ಸ್ವಂತ ತಂತಿಯೇ ಇರಲಿಲ್ಲ. ಎನ್‌ಟಿಟಿಯಂಥ ದೊಡ್ಡ ಟೆಲಿಫೋನ್ ಕಂಪನಿಗಳಿಂದ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಲೈನ್) ಬಾಡಿಗೆಗೆ ಪಡೆದು, ಅದರ ಎರಡೂ ತುದಿಗೆ ರೂಟರ್, ಅಂದರೆ ಡೇಟಾಗೆ ದಾರಿ ತೋರಿಸುವ ಪೆಟ್ಟಿಗೆ ಇಟ್ಟು ನಡೆಸುತ್ತಿತ್ತು. ಅಸಲಿ ಕೆಲಸ ಇರುವುದು ಆ ರೂಟರಿನೊಳಗೆ. ಇಂಟರ್‌ನೆಟ್ ಅಂದರೆ ಸಾವಿರಾರು ಸ್ವತಂತ್ರ ನೆಟ್‌ವರ್ಕುಗಳ ಕೂಟ. ಅವಕ್ಕೆ ಒಂದೊಂದು ನಂಬರ್ ಇರುತ್ತದೆ. ಐಐಜೆಯ ನಂಬರ್ 2497. ಪ್ರತಿ ನೆಟ್‌ವರ್ಕ್ ತನ್ನ ನೆರೆಯವರಿಗೆ 'ಈ ವಿಳಾಸಗಳಿಗೆ ಹೋಗಬೇಕಾದ ಪ್ಯಾಕೆಟ್ (ಡೇಟಾದ ಸಣ್ಣ ತುಣುಕು) ನನ್ನ ಕೈಗೆ ಕೊಡಿ, ನಾನು ತಲುಪಿಸುತ್ತೇನೆ' ಎಂದು ಸಾರುತ್ತಿರುತ್ತದೆ. ನೆರೆಯವರು ಅದನ್ನು ತಮ್ಮ ನೆರೆಯವರಿಗೆ ದಾಟಿಸುತ್ತಾರೆ. ಎಲ್ಲವನ್ನೂ ಮೇಲೆ ಕೂತು ನೋಡುವ ಯಜಮಾನ ಯಾರೂ ಇಲ್ಲ. ಎಲ್ಲರೂ ಹೇಳಿದ್ದನ್ನು ಎಲ್ಲರೂ ಹೆಚ್ಚುಕಮ್ಮಿ ನಂಬಿಕೊಂಡೇ ಇದು ನಡೆಯುತ್ತದೆ.

ಈ ನಂಬಿಕೆ ಕೈಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಜಪಾನ್ 2017ರ ಆಗಸ್ಟ್ 25ರಂದು ಕಂಡಿತು. ಗೂಗಲ್ ತಪ್ಪಾಗಿ ಕೆಲವು ದಾರಿಗಳನ್ನು ಸಾರಿಬಿಟ್ಟಿತು. ಅದನ್ನು ನಂಬಿದ ರೂಟರುಗಳು ಜಪಾನಿನ ಎಷ್ಟೋ ಪ್ಯಾಕೆಟ್‌ಗಳನ್ನು ಗೂಗಲ್ ಕಡೆಗೆ ತಳ್ಳಿದವು. ಗೂಗಲ್ ಎಂಟು ನಿಮಿಷದೊಳಗೆ ತಿದ್ದಿಕೊಂಡರೂ, ಆಮೇಲೂ ಕೆಲ ಹೊತ್ತು ದೇಶದ ತುಂಬಾ ಸಂಪರ್ಕ ಎಡವಟ್ಟಾಗಿತ್ತು. ಯಾವ ದಾರಿ ನಂಬಬೇಕು, ಯಾವುದು ತುಂಬಿದೆ, ಒಂದು ಲಿಂಕ್ ಡೌನ್ ಆದರೆ ಇನ್ನೊಂದಕ್ಕೆ ಹೇಗೆ ಹೊರಳಬೇಕು ಅನ್ನುವ ತೀರ್ಮಾನಗಳು ಹಗಲು ರಾತ್ರಿ ನಡೆಯುತ್ತಲೇ ಇರುತ್ತವೆ. ಕಂಪನಿಗಳು ದುಡ್ಡು ಕೊಡುವುದು ಈ ತೀರ್ಮಾನಗಳಿಗೆ. ಮನೆಯವರಿಗೆ 'ಇಷ್ಟು ಎಂಬಿಪಿಎಸ್‌ವರೆಗೆ' ಅಂದರೆ ಸಾಕು. ಬ್ಯಾಂಕಿಗೋ ಕಾರ್ಖಾನೆಗೋ ಹಾಗೆ ಹೇಳಿದರೆ ನಡೆಯೋಲ್ಲ. ಶೇಕಡಾ 99.99ರಷ್ಟು ಹೊತ್ತು ಲೈನ್ ಇರುತ್ತದೆ ಎಂದು ಬರೆದುಕೊಡಬೇಕು. ಲೆಕ್ಕ ಹಾಕಿದರೆ ಇಡೀ ವರ್ಷಕ್ಕೆ ಸಿಗುವ ರಿಯಾಯಿತಿ ಬರೀ 52 ನಿಮಿಷ ಚಿಲ್ಲರೆ.

ಕಂಪನಿಗಳು ಇಂಟರ್‌ನೆಟ್ಟಿಗೆ ಸೇರಿದ್ದೇ ತಡ, ಮುಂದಿನ ತಲೆನೋವು ಶುರುವಾಯಿತು. ನಾವು ಹೊರಗೆ ಹೋಗಬಹುದು ಅಂದರೆ ಹೊರಗಿನವರೂ ಒಳಗೆ ಬರಬಹುದು ಅಲ್ವಾ? 1994ರಲ್ಲೇ ಐಐಜೆ ಫೈರ್‌ವಾಲ್ ಸೇವೆ ಶುರುಮಾಡಿತು. ಗ್ರಾಹಕರು ಪೆಟ್ಟಿಗೆ ಕೊಂಡು ತಾವೇ ಹೆಣಗಬೇಕಿಲ್ಲ. ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದನ್ನು ಸಂಪರ್ಕ ಕೊಟ್ಟವರೇ ನೋಡಿಕೊಳ್ಳುತ್ತಾರೆ. ಮುಂದೆ ಮೇಲ್, ವೈರಸ್, ಸ್ಪ್ಯಾಮ್ ಎಲ್ಲವೂ ಇದೇ ದಾರಿ ಹಿಡಿದವು.

ಆಮೇಲೆ ಬ್ರಾಂಚುಗಳ ಸರದಿ. ಒಂದು ಅಂಗಡಿ ಸರಣಿಗೆ ಸಾವಿರ ಮಳಿಗೆಗಳಿವೆ ಅಂದುಕೊಳ್ಳಿ. ಎಲ್ಲವೂ ಮುಖ್ಯ ಕಚೇರಿಗೆ ಜೋಡಣೆಯಾಗಬೇಕು, ಮಾರಾಟದ ಲೆಕ್ಕ ದಿನವೂ ಬರಬೇಕು. ಪ್ರತಿ ಮಳಿಗೆಗೂ ಲೀಸ್ಡ್ ಲೈನ್ ಎಳೆಸಿದರೆ ಖರ್ಚು ಕೈಮೀರುತ್ತದೆ. ಅದರ ಬದಲು ಮಾಮೂಲಿ ಬ್ರಾಡ್‌ಬ್ಯಾಂಡ್ ಮೇಲೆಯೇ ವಿಪಿಎನ್ ಹಾಕಬಹುದು. ಮಳಿಗೆಯ ರೂಟರ್ ಪ್ರತಿ ಪ್ಯಾಕೆಟ್ಟನ್ನೂ ಗುಪ್ತಲಿಪಿಗೆ ತಿರುಗಿಸಿ, ಅದರ ಮೇಲೆ ಇನ್ನೊಂದು ವಿಳಾಸ ಬರೆದು ಕಳಿಸುತ್ತದೆ. ಮುಖ್ಯ ಕಚೇರಿಯ ರೂಟರ್ ಅದನ್ನು ಬಿಚ್ಚುತ್ತದೆ. ನಡುವೆ ಕದ್ದು ನೋಡಿದವರಿಗೆ ಅರ್ಥವಿಲ್ಲದ ಅಂಕಿಗಳು ಮಾತ್ರ ಕಾಣುತ್ತವೆ.

ಸರಿ, ಆದರೆ ಆ ಸಾವಿರ ರೂಟರುಗಳಿಗೆ ಕಾನ್ಫಿಗ್ (ಹೇಗೆ ಕೆಲಸ ಮಾಡಬೇಕೆಂಬ ಸೆಟ್ಟಿಂಗ್) ಹಾಕುವವರು ಯಾರು? ಊರೂರಿಗೆ ಎಂಜಿನಿಯರ್ ಕಳಿಸುವುದಾ? ಐಐಜೆ ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಇಡೀ ಕಥೆಯಲ್ಲೇ ಬಹಳ ಇಷ್ಟ. 'ಸೈಲ್' ಎಂಬ ಹೆಸರಿನಲ್ಲಿ ಅವರು ತಮ್ಮದೇ ರೂಟರ್ ಮಾಡಿದರು. ಅದರ ಡಬ್ಬಿಯನ್ನು ಹಾಗೇ ಮಳಿಗೆಗೆ ಪಾರ್ಸೆಲ್ ಮಾಡಿದರೆ ಆಯಿತು. ಅಲ್ಲಿನ ಕೆಲಸದವರು ಪವರ್ ಮತ್ತು ನೆಟ್ ಕೇಬಲ್ ಚುಚ್ಚಿದರೆ ಮುಗಿಯಿತು. ರೂಟರ್ ಎಚ್ಚರಗೊಂಡ ಕೂಡಲೇ ಐಐಜೆಯ ಸರ್ವರಿಗೆ ಸುದ್ದಿ ಕಳಿಸಿ, ತಾನು ಯಾರು ಎಂದು ಗುರುತು ತೋರಿಸುತ್ತದೆ. ಸರ್ವರ್ ಆ ಮಳಿಗೆಗೆ ಸೇರಬೇಕಾದ ಕಾನ್ಫಿಗ್ ಇಳಿಸಿಕೊಡುತ್ತದೆ. ಮುಂದೆ ಏನಾದರೂ ಬದಲಾಯಿಸಬೇಕಾದರೆ ಟೋಕಿಯೊದಲ್ಲಿ ಕೂತು ಒಂದು ಕಡೆ ತಿದ್ದಿದರೆ ಎಲ್ಲ ಮಳಿಗೆಗಳಿಗೂ ತಲುಪುತ್ತದೆ. ರೂಟರ್ ಸುಟ್ಟುಹೋದರೆ ಇನ್ನೊಂದು ಡಬ್ಬಿ ಕಳಿಸಿದರೆ ಆಯಿತು, ಅದೂ ಹೀಗೇ ತನ್ನ ಪಾಠ ತಾನೇ ಕಲಿತುಕೊಳ್ಳುತ್ತದೆ. ಒಂದೊಂದು ಪೆಟ್ಟಿಗೆಯಲ್ಲೂ ಇದ್ದ ಬುದ್ಧಿಯನ್ನು ಹೊರತೆಗೆದು ಒಂದೇ ಕಡೆ ಇಡುವ ಈ ಅಭ್ಯಾಸವನ್ನು ಸ್ವಲ್ಪ ಮುಂದಕ್ಕೆ ಎಳೆದರೆ ಕ್ಲೌಡ್ ಸಿಗುತ್ತದೆ.

ಅಲ್ಲಿಗೆ ಹೋಗುವ ಮೊದಲು ಒಂದು ದೊಡ್ಡ ಪೆಟ್ಟಿನ ವಿಷಯ ಹೇಳಬೇಕು. 1998ರಲ್ಲಿ ಐಐಜೆ, ಟೊಯೋಟಾ, ಸೋನಿ ಮೂವರೂ ಸೇರಿ 'ಕ್ರಾಸ್‌ವೇವ್' ಎಂಬ ಕಂಪನಿ ಮಾಡಿದರು. ಬಾಡಿಗೆ ಲೈನ್ ಸಾಕು, ದೇಶದುದ್ದಕ್ಕೂ ನಮ್ಮದೇ ಜಾಲ ಇರಲಿ ಅನ್ನುವುದು ಆಸೆ. ತಾಂತ್ರಿಕವಾಗಿ ಅದು ಕಾಲಕ್ಕಿಂತ ಮುಂದಿತ್ತು. ನೂರಾರು ಕಿಲೋಮೀಟರ್ ದೂರದ ಎರಡು ಕಚೇರಿಗಳು ಒಂದೇ ಕಟ್ಟಡದಲ್ಲಿರುವಂತೆ, ಆಫೀಸಿನೊಳಗೆ ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಮೂಲಕವೇ ಜೋಡಣೆಯಾಗುತ್ತಿದ್ದವು. 2000ದಲ್ಲಿ ಕಂಪನಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಏರಿತು. ಆದರೆ ಇಂಥ ಜಾಲಕ್ಕೆ ಖರ್ಚು ಮೊದಲೇ ಸುರಿಯಬೇಕು, ಆದಾಯ ವರ್ಷಗಟ್ಟಲೆ ತೊಟ್ಟಿಕ್ಕುತ್ತದೆ. ಅಷ್ಟರಲ್ಲಿ ಇಂಟರ್‌ನೆಟ್ ಕಂಪನಿಗಳ ಷೇರುಗಳನ್ನು ಉಬ್ಬಿಸಿದ್ದ ಡಾಟ್‌ಕಾಮ್ ಗುಳ್ಳೆ ಒಡೆದಿತ್ತು, ಲೈನುಗಳ ಬೆಲೆ ಇಳಿಯುತ್ತಿತ್ತು. 2003ರ ಆಗಸ್ಟಿನಲ್ಲಿ ಕ್ರಾಸ್‌ವೇವ್ ದಿವಾಳಿಯೆದ್ದು ಕೋರ್ಟಿನ ಮೊರೆಹೋಯಿತು. ಆ ಪೆಟ್ಟು ತಿಂದ ಐಐಜೆಯನ್ನು ಉಳಿಸಲು ಹಣ ಹಾಕಿದ್ದು ಯಾರು ಗೊತ್ತಾ? ಎನ್‌ಟಿಟಿ. ಯಾರ ಲೈನ್ ಬೇಡವೆಂದು ಹೊರಟಿದ್ದರೋ ಅವರೇ ಆಗ ಅತಿ ದೊಡ್ಡ ಷೇರುದಾರರಾದರು.

ಬಸ್ ಚೆನ್ನಾಗಿ ಓಡಿಸುವವರು ರಸ್ತೆಯನ್ನೂ ತಾವೇ ಹಾಕಬೇಕಿಲ್ಲ. ಕ್ರಾಸ್‌ವೇವ್ ನಂತರದ ಐಐಜೆಯ ನಡೆ ನೋಡಿದರೆ ಅವರು ಇದನ್ನು ಗಟ್ಟಿಯಾಗಿ ಹಿಡಿದುಕೊಂಡಂತೆ ಕಾಣುತ್ತದೆ. ನೆಲದೊಳಗಿನ ಫೈಬರ್ ಬೇರೆಯವರದೇ ಇರಲಿ, ಅದರ ಮೇಲೆ ನಡೆಯುವ ಸಾಫ್ಟ್‌ವೇರ್ ನಮ್ಮದಿರಲಿ. 2010ರಲ್ಲಿ ಎಟಿ ಅಂಡ್ ಟಿ ಜಪಾನ್‌ನಿಂದ ಕಂಪನಿಗಳ ನೆಟ್‌ವರ್ಕ್ ನಡೆಸುವ ವಹಿವಾಟನ್ನು ಕೊಂಡುಕೊಂಡಾಗಲೂ ಅವರಿಗೆ ಬೇಕಿದ್ದದ್ದು ತಂತಿಯಲ್ಲ. ಆ ಗ್ರಾಹಕರು ಮತ್ತು ಆ ನೆಟ್‌ವರ್ಕುಗಳನ್ನು ಬಲ್ಲ ಜನ ಬೇಕಿತ್ತು.

ಅಷ್ಟು ಹೊತ್ತಿಗೆ ಕ್ಲೌಡ್ ಕಾಲ ಬಂದಿತ್ತು. 2009ರ ಡಿಸೆಂಬರಿನಲ್ಲಿ ಐಐಜೆ 'ಗಿಯೊ' ಎಂಬ ಸೇವೆ ಶುರುಮಾಡಿತು. ಕ್ಲೌಡಿನ ಹಿಂದಿನ ತಂತ್ರ ಸರಳ. ಒಂದು ಕಂಪನಿಯ ಸರ್ವರ್ ದಿನದ ಬಹುಪಾಲು ಹೊತ್ತು ಸುಮ್ನೆ ಕೂತಿರುತ್ತದೆ, ಕರೆಂಟ್ ಮಾತ್ರ ಕುಡಿಯುತ್ತದೆ. ಒಂದು ದೊಡ್ಡ ಯಂತ್ರದ ಮೇಲೆ ಒಂದು ತೆಳು ಸಾಫ್ಟ್‌ವೇರ್ ಪದರ ಹಾಕಿದರೆ, ಅದೇ ಯಂತ್ರ ಹತ್ತಾರು ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುತ್ತದೆ. ಪ್ರತಿಯೊಂದೂ ತಾನೊಬ್ಬನೇ ಇದ್ದೇನೆ ಅಂದುಕೊಂಡಿರುತ್ತದೆ. ಒಬ್ಬ ಗ್ರಾಹಕರ ಕೆಲಸ ಜಾಸ್ತಿಯಾದಾಗ ಇನ್ನೊಬ್ಬರದು ಕಮ್ಮಿ ಇರುತ್ತದೆ.

ದೂರದ ಪ್ರಶ್ನೆಯೂ ಇದೆ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಟೋಕಿಯೊದಿಂದ ಸ್ಯಾನ್‌ ಫ್ರಾನ್ಸಿಸ್ಕೊ ನೇರವಾಗಿ ಅಳೆದರೂ 8,000 ಕಿಲೋಮೀಟರಿಗೂ ಜಾಸ್ತಿ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಕಮ್ಮಿ ಅಂದರೂ 80 ಮಿಲಿಸೆಕೆಂಡ್ ಬೇಕು. ಎಷ್ಟೇ ದುಡ್ಡು ಸುರಿದರೂ ಇದನ್ನು ತಗ್ಗಿಸಲಾಗದು. ಒಂದು ಪುಟ ತೆರೆಯಲು ಇಂಥ ಇಪ್ಪತ್ತು ಓಡಾಟ ಒಂದರ ಹಿಂದೊಂದು ಆಗಬೇಕಾದರೆ ಒಂದೂವರೆ ಸೆಕೆಂಡ್ ದಾರಿಯಲ್ಲೇ ಹೋಯಿತು. ಹಾಗಾಗಿ ಸರ್ವರ್ ಹತ್ತಿರದಲ್ಲೇ ಇರಬೇಕು.

ಐಐಜೆಯ ಪ್ರಯೋಗದಲ್ಲಿ ನೋಡಲೇಬೇಕಾದದ್ದು ಶಿಮಾನೆ ಪ್ರಾಂತ್ಯದ ಮಾತ್ಸುಎ ಊರಿನಲ್ಲಿದೆ. 2011ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಡೇಟಾ ಸೆಂಟರ್ ಶುರುವಾಯಿತು. ದೊಡ್ಡ ಕಟ್ಟಡದ ಬದಲು ಸಾಲಾಗಿ ಕಂಟೇನರುಗಳು. ಗ್ರಾಹಕರು ಜಾಸ್ತಿಯಾದಂತೆ ಇನ್ನೊಂದು ಕಂಟೇನರ್ ತಂದು ಇಟ್ಟರೆ ಆಯಿತು. ಕ್ರಾಸ್‌ವೇವ್ ಹಾಗೆ ಖರ್ಚೆಲ್ಲ ಮೊದಲೇ ಸುರಿಯುವ ಪ್ರಮೇಯವಿಲ್ಲ. ಇನ್ನೊಂದು ಜಾಣತನ ತಂಪು ಮಾಡುವ ರೀತಿಯಲ್ಲಿದೆ. ಸರ್ವರುಗಳು ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಅದನ್ನು ಹೊರಹಾಕಲು ಹಳೆಯ ಡೇಟಾ ಸೆಂಟರುಗಳಲ್ಲಿ ಏಸಿಗೇ ಸರ್ವರುಗಳಷ್ಟು ಕರೆಂಟ್ ಹೋಗುವುದಿತ್ತು. ಮಾತ್ಸುಎಯಲ್ಲಿ ವಸಂತ ಮತ್ತು ಶರತ್ಕಾಲದಲ್ಲಿ ಹೊರಗಿನ ಗಾಳಿಯನ್ನೇ ಒಳಗೆ ಬಿಡುತ್ತಾರೆ. ಚಳಿಗಾಲದಲ್ಲಿ ಹೊರಗಿನ ಗಾಳಿ ತೀರಾ ತಣ್ಣಗಿರುವುದರಿಂದ, ಸರ್ವರುಗಳಿಂದ ಹೊರಬಂದ ಬಿಸಿ ಗಾಳಿಯನ್ನು ಅದಕ್ಕೆ ಬೆರೆಸಿ ಹದ ಮಾಡುತ್ತಾರೆ. ಬೇಸಿಗೆಯಲ್ಲಿ ಮಾತ್ರ ಬಾಗಿಲು ಮುಚ್ಚಿ ಏಸಿ ಹಾಕುತ್ತಾರೆ. ಹೀಗೆ ಮಾಡಿ, ಸರ್ವರುಗಳಿಗೆ 1 ಯೂನಿಟ್ ಹೋದರೆ ಇಡೀ ಕೇಂದ್ರದ ಖರ್ಚು 1.2 ಯೂನಿಟ್ ದಾಟದಂತೆ ನೋಡಿಕೊಂಡರು. 2019ರಲ್ಲಿ ಚಿಬಾದ ಶಿರೊಯ್‌ನಲ್ಲಿ ಇದಕ್ಕಿಂತ ದೊಡ್ಡ ಕೇಂದ್ರ ಬಂತು. ಅಲ್ಲಿ ದೊಡ್ಡ ಬ್ಯಾಟರಿಗಳೂ ಇವೆ. ಕರೆಂಟಿಗೆ ಬೇಡಿಕೆ ಏರಿದ ಹೊತ್ತಿನಲ್ಲಿ ಅವು ಕೈಹಿಡಿಯುತ್ತವೆ.

ಆದರೆ 2011ರ ಮಾರ್ಚ್‌ನಲ್ಲೇ ಅಮೆಜಾನ್ ತನ್ನ ಕ್ಲೌಡನ್ನು ಟೋಕಿಯೊಗೆ ತಂದಿತ್ತು. ಅಂಥ ದೈತ್ಯರ ಜೊತೆ ಬೆಲೆಯಲ್ಲಿ ಗುದ್ದಾಡಿ ಗೆಲ್ಲುವುದು ಕಷ್ಟ. ಐಐಜೆ ಅಲ್ಲಿ ಮತ್ತೆ ತನ್ನ ಹಳೆಯ ಕಸುಬಿಗೇ ಹೋಯಿತು. ಕಂಪನಿಯ ಕಚೇರಿಯಿಂದ ಅಮೆಜಾನ್, ಮೈಕ್ರೋಸಾಫ್ಟ್ ಕ್ಲೌಡುಗಳಿಗೆ ಸಾರ್ವಜನಿಕ ಇಂಟರ್‌ನೆಟ್ ಮುಟ್ಟದ ಖಾಸಗಿ ದಾರಿ ಮಾಡಿಕೊಡುವುದನ್ನೂ ಒಂದು ಸೇವೆಯಾಗಿ ಮಾರಿತು. ಮೊಬೈಲಿನಲ್ಲೂ ಅದೇ ರೀತಿ. ಟವರ್ ಡೊಕೊಮೊ ಎಂಬ ಮೊಬೈಲ್ ಕಂಪನಿಯದ್ದು. 2018ರಿಂದ ಸಿಮ್ ಕೊಡುವ, ಅದರ ಗುರುತು ಹಿಡಿಯುವ ವ್ಯವಸ್ಥೆ ಮಾತ್ರ ಐಐಜೆಯದ್ದೇ.

ಇಷ್ಟೆಲ್ಲ ತಲೆನೋವನ್ನು ಒಬ್ಬರೇ ಹೊತ್ತುಕೊಂಡಾಗ ಅಪಾಯವೂ ಒಂದೇ ಕಡೆ ಸೇರುತ್ತದೆ. 2025ರ ಏಪ್ರಿಲ್‌ನಲ್ಲಿ ಐಐಜೆ ತನ್ನ ಮೇಲ್ ಭದ್ರತಾ ಸೇವೆಗೆ ಕಳ್ಳರು ನುಗ್ಗಿದ್ದಾರೆಂದು ಪ್ರಕಟಿಸಿತು. ಹೆಚ್ಚೆಂದರೆ 40 ಲಕ್ಷಕ್ಕೂ ಮಿಕ್ಕಿದ ಮೇಲ್ ಖಾತೆಗಳ ಮಾಹಿತಿ ಸೋರಿರಬಹುದು ಎಂದಿತು. ಆಮೇಲೆ ಖಚಿತವಾದದ್ದು 3 ಲಕ್ಷ ಚಿಲ್ಲರೆ. ಬೇರೊಂದು ಕಂಪನಿಯಿಂದ ಪಡೆದ ವೆಬ್‌ಮೇಲ್ ಸಾಫ್ಟ್‌ವೇರಿನಲ್ಲಿ, ಅದುವರೆಗೆ ಗೊತ್ತೇ ಇರದಿದ್ದ ಒಂದು ಕಂಡಿಯ ಮೂಲಕ ಅವರು ಬಂದಿದ್ದರು.

ಹಾಗಂತ ಮೇಲ್ ಸರ್ವರನ್ನು ವಾಪಸ್ ತಮ್ಮ ಆಫೀಸಿಗೇ ತಂದಿಟ್ಟುಕೊಳ್ಳಬೇಕಾ? ಐವತ್ತು ಜನರ ಕಂಪನಿಯಲ್ಲಿ ಅಂಥ ಕಂಡಿ ಹುಡುಕಿ ಮುಚ್ಚುವ ಜನ ಎಲ್ಲಿರುತ್ತಾರೆ? ಅದು ಉತ್ತರವಲ್ಲ. ಆದರೆ ಕಳ್ಳರು ಮೊದಲು ನುಗ್ಗಿದ್ದು 2024ರ ಆಗಸ್ಟಿನಲ್ಲಿ. ಅಂದರೆ ಎಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಲೈನ್ ವರ್ಷಕ್ಕೆ 52 ನಿಮಿಷಕ್ಕಿಂತ ಜಾಸ್ತಿ ಹೋಗಬಾರದೆಂದು ಒಪ್ಪಂದದಲ್ಲಿ ಬರೆಸಿಕೊಳ್ಳುವ ಕಂಪನಿಗಳು, ನುಗ್ಗಿದವರನ್ನು ಎಷ್ಟು ದಿನದೊಳಗೆ ಪತ್ತೆ ಹಚ್ಚುತ್ತೀರಿ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಬರೆಸಿಕೊಳ್ಳಬೇಕು ಎಂದು ನನಗನಿಸುತ್ತದೆ.