ಗಜನಿಯ ಉಪ್ಪು, ಭತ್ತದ ಎಲೆಯ ಸೋಡಿಯಂ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಮಳೆನೀರು ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಸ್ಥಳೀಯ ತಳಿ ಕಗ್ಗ ಭತ್ತ ಬಿತ್ತುತ್ತಾರೆ. ನಡುವೆ ಮಳೆ ಕೈಕೊಟ್ಟರೆ, ಕಟ್ಟೆ ಒಡೆದರೆ ಗದ್ದೆಗೆ ಮತ್ತೆ ಉಪ್ಪೇರುತ್ತದೆ. ಉಪ್ಪಿನಂಶವನ್ನು ಅಳೆಯುವುದು ಮಣ್ಣಿನಿಂದ ಹಿಂಡಿ ತೆಗೆದ ನೀರಿನ ವಿದ್ಯುತ್ ವಾಹಕತೆಯಿಂದ. ಅದು ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಸಾಮಾನ್ಯ ಭತ್ತದ ಇಳುವರಿ ಆಮೇಲಿನ ಪ್ರತಿ ಘಟಕಕ್ಕೆ ಸುಮಾರು ಶೇ 12ರಷ್ಟು ಇಳಿಯುತ್ತದೆ. ಸಮುದ್ರದ ನೀರಿನದು ಸುಮಾರು 50.

ಪೆಟ್ಟು ಎರಡು ಹಂತದಲ್ಲಿ ಬೀಳುತ್ತದೆ. ಮೊದಲು ಬೇರಿಗೆ ನೀರು ಎಳೆಯುವುದು ಕಷ್ಟವಾಗಿ, ಹೊಸ ಎಲೆಯ ಬೆಳವಣಿಗೆ ಕೂಡಲೇ ಕುಂಠಿತವಾಗುತ್ತದೆ. ದಿನಗಳು ಕಳೆದಂತೆ ಸೋಡಿಯಂ ಹಳೆಯ ಎಲೆಗಳಲ್ಲಿ ಜಮೆಯಾಗಿ ತುದಿಯಿಂದ ಒಣಗಿಸುತ್ತದೆ. ಯಾವ ಎಲೆ ಮೊದಲು ಕೆಟ್ಟಿತು ಎಂದು ಗುರುತಿಸಲು ಕಲಿತರೆ ಅರ್ಧ ವಿಷಯ ಅರ್ಥವಾದಂತೆ.

ಬೇರಿನ ಕೋಶದೊಳಗೆ ಸೋಡಿಯಂ ನುಗ್ಗಿದಾಗ ಕ್ಯಾಲ್ಸಿಯಂ ಮಟ್ಟ ಏರುತ್ತದೆ. ಅದನ್ನು ಎಸ್‌ಒಎಸ್3 ಪ್ರೋಟೀನು ಗ್ರಹಿಸಿ ಎಸ್‌ಒಎಸ್2 ಎಂಬ ಕೈನೇಸನ್ನು (ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವನ್ನು) ಚುರುಕುಗೊಳಿಸುತ್ತದೆ. ಅದು ಎಸ್‌ಒಎಸ್1 ಎಂಬ ಕೋಶಪೊರೆಯ ಸಾಗಣೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದನ್ನು ಕೆಲಸಕ್ಕೆ ಹಚ್ಚುತ್ತದೆ. ಎಸ್‌ಒಎಸ್1 ಒಂದು ಪ್ರೋಟಾನನ್ನು ಒಳಬಿಟ್ಟು ಒಂದು ಸೋಡಿಯಂ ಅಯಾನನ್ನು ಹೊರಹಾಕುತ್ತದೆ. ಆ ಪ್ರೋಟಾನುಗಳನ್ನು ಮತ್ತೆ ಹೊರತಳ್ಳಲು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚಾಗುತ್ತದೆ. ಎನ್‌ಎಚ್‌ಎಕ್ಸ್1 ಪ್ರೋಟೀನು ಇದೇ ಬಗೆಯ ವಿನಿಮಯದಿಂದ ಸೋಡಿಯಂ ಅನ್ನು ಕೋಶದೊಳಗಿನ ದ್ರವ ತುಂಬಿದ ಚೀಲವಾದ ರಸದಾನಿಗೆ ಸೇರಿಸುತ್ತದೆ.

ಭತ್ತದಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಎಚ್‌ಕೆಟಿ1;5 ಎಂಬ ಪ್ರೋಟೀನಿಗೆ. ಬೇರಿನ ಕೋಶಗೋಡೆಗಳ ಸಂದಿನಿಂದಲೇ ಸಾಕಷ್ಟು ಸೋಡಿಯಂ, ನೀರನ್ನು ಮೇಲೊಯ್ಯುವ ನಾಳವಾದ ಕ್ಸೈಲಮ್‌ಗೆ ಸೋರುವ ಬೆಳೆ ಇದು. ಕ್ಸೈಲಮ್ ಸುತ್ತಲಿನ ಕೋಶಗಳಲ್ಲಿರುವ ಈ ಪ್ರೋಟೀನು ಮೇಲೇರುವ ರಸದಿಂದ ಸೋಡಿಯಂ ಅನ್ನು ಹಿಂದಕ್ಕೆ ಹೀರುತ್ತದೆ, ಎಲೆಯಲ್ಲಿ ಪೊಟ್ಯಾಸಿಯಂ–ಸೋಡಿಯಂ ಅನುಪಾತ ಉಳಿಯುತ್ತದೆ. ಬಂಗಾಳದ ನೋನಾ ಬೋಕ್ರಾ ತಳಿಯಿಂದ ಈ ಪ್ರೋಟೀನಿನ ವಂಶವಾಹಿಯನ್ನು 2005ರಲ್ಲಿ ಪ್ರತ್ಯೇಕಿಸಿದರು. ಉಪ್ಪು ತಾಳದ ಜಪಾನಿನ ಕೋಶಿಹಿಕಾರಿಯ ಪ್ರೋಟೀನಿಗೂ ಅದಕ್ಕೂ ಇರುವ ವ್ಯತ್ಯಾಸ ನಾಲ್ಕು ಅಮೈನೋ ಆಮ್ಲಗಳಷ್ಟೇ. ಈ ವಂಶವಾಹಿ ಇರುವುದು 1ನೇ ವರ್ಣತಂತುವಿನಲ್ಲಿ. ಕೇರಳದ ಪೊಕ್ಕಾಳಿ ಭತ್ತದಿಂದ ಬಂದ, ಉಪ್ಪು ತಾಳಿಕೆಗೆ ನೆರವಾಗುವ ಸಾಲ್ಟಾಲ್ ಎಂಬ ವರ್ಣತಂತು ಭಾಗವೂ ಅದರಲ್ಲೇ ಇದೆ. ಹಾಗೆಂದು ಕಗ್ಗದ ತಾಳಿಕೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ ಬರೆಯಬೇಡಿ, ಎಲೆಯ ಸೋಡಿಯಂ ಅಳೆದ ಮೇಲೆ ಹೇಳಿ.

ಅಳೆಯಲು ಸಸಿಗಳನ್ನು ಟ್ರೇಯಲ್ಲಿ, ಮಣ್ಣಿಲ್ಲದೆ, ಭತ್ತದ ಪೋಷಕಾಂಶಗಳಿರುವ ಯೋಶಿಡಾ ದ್ರಾವಣದಲ್ಲಿ ಬೆಳೆಸಿ. ಎರಡು ವಾರದ ಸಸಿಗೆ ಲೀಟರಿಗೆ 3 ಗ್ರಾಂ ಸೋಡಿಯಂ ಕ್ಲೋರೈಡ್ ಕೊಟ್ಟರೆ ವಾಹಕತೆ ಸುಮಾರು 6. ಮೂರು ದಿನದ ನಂತರ 6 ಗ್ರಾಂಗೆ ಏರಿಸಿದರೆ ಸುಮಾರು 12. ಒಮ್ಮೆಲೇ 12 ಮಾಡಿದರೆ ಸಸಿ ನೀರು ಎಳೆಯಲಾಗದ ಆಘಾತಕ್ಕೆ ಬಾಡುತ್ತದೆ, ನೀವು ಅದನ್ನು ಸೋಡಿಯಂ ವಿಷವೆಂದು ಬರೆದುಕೊಳ್ಳುತ್ತೀರಿ. ಪಿಎಚ್ ದಿನವೂ 5ಕ್ಕೆ ತನ್ನಿ. ಏರಿದರೆ ಕಬ್ಬಿಣ ಸಿಗದೆ ಹೊಸ ಎಲೆ ಹಳದಿಯಾಗಿ ಫಲಿತಾಂಶ ಕೆಡುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪು ಇದಕ್ಕೆ ಬೇಡ: ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುತ್ತವೆ, ಕ್ಯಾಲ್ಸಿಯಂ ಸೋಡಿಯಂನ ಪ್ರವೇಶವನ್ನೇ ತಗ್ಗಿಸುತ್ತದೆ. ಹೋಲಿಕೆಗೆ ಸೂಕ್ಷ್ಮ ತಳಿ ಐಆರ್29, ತಾಳುವ ತಳಿ ಎಫ್‌ಎಲ್478 ಇಡಿ. ಕಾರವಾರದ ಜಡಿಮಳೆಯ ದಿನಗಳಲ್ಲಿ ಗಾಳಿಯ ತೇವದಿಂದ ಬಾಷ್ಪವಿಸರ್ಜನೆ ಕುಗ್ಗಿ, ಎಲೆಗೆ ಸೋಡಿಯಂ ತಡವಾಗಿ ತಲುಪುತ್ತದೆ. ಆದ್ದರಿಂದ ದಿನ ಎಣಿಸಿ ತೀರ್ಮಾನಿಸದೆ, ಐಆರ್29 ಒಣಗುವವರೆಗೆ ಕಾದು ಎಲೆಯ ಹಾನಿಗೆ ಅಂಕ ಕೊಡಿ.

ಸಾಲ್ಟಾಲ್‌ನ ನೆರವು ಮುಖ್ಯವಾಗಿ ಸಸಿ ಹಂತಕ್ಕೆ. ಹೂಬಿಡುವಾಗ ಉಪ್ಪೇರಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ, ಅಲ್ಲಿಯ ತಾಳಿಕೆಯನ್ನು ಆಳುವ ವಂಶವಾಹಿಗಳು ಬಹುಪಾಲು ಬೇರೆ. ಟ್ರೇಯಲ್ಲಿ ಗೆದ್ದ ತಳಿಗಳನ್ನು ಕುಂಡದಲ್ಲೂ ಬೆಳೆಸಿ, ತೆನೆ ಹೊರಬರುವಾಗ ಉಪ್ಪು ಕೊಟ್ಟು ಜೊಳ್ಳಿನ ಪ್ರಮಾಣ ಎಣಿಸಿ.